ಪೈಲ್ವಾನನ ಬೆನ್ನ ಮೇಲಿನ ಹಲ್ಲು

ದವಾಖಾನೆಯ ಬಾಗಿಲು ತೆರೆದು, ದೀಪ ಹಾಕಿ, ಗಾಜಿನ ತೊಟ್ಟಿಯತ್ತ ತಿರುಗಿದ ಹತ್ತಿರಾಯನ ಎದೆ ಧಸಕ್ಕೆಂದಿತು. ಪೈಲ್ವಾನ್ ತೊಟ್ಟಿಯ ಮೂಲೆಯಲ್ಲಿ ವಾಲಿಕೊಂಡು ಬಿದ್ದಿದ್ದ. ಕಾಲುಗಳೆಲ್ಲ ಅಲ್ಲಾಡದೆ ಚೆಲ್ಲಿದ್ದವು.

ಪೈಲ್ವಾನ್ ಎಂದರೆ ಸಮುದ್ರದ ಏಡಿ. ರೋಗಿಗಳು ಅದನ್ನು ನೋಡುತ್ತ ಹಲ್ಲುನೋವು ಮರೆಯಲಿ ಎಂದು ಡಾಕ್ಟರು ಉಪ್ಪುನೀರಿನ ತೊಟ್ಟಿಯಲ್ಲಿಟ್ಟು ಸಾಕಿದ್ದರು. ಅದರ ಕೊಂಡಿ ನೋಡಿದವರಿಗೆ ಒಳಕೋಣೆಯ ಇಕ್ಕಳ ನೆನಪಾಗಿ ನೋವು ಇಮ್ಮಡಿಯಾಗುತ್ತಿತ್ತು, ಆ ಮಾತು ಬೇರೆ. ಡಾಕ್ಟರಿಗಂತೂ ಅದು ಮಗನಿಗಿಂತ ಹೆಚ್ಚು. ಅದರ ಬೆನ್ನಿಗೆ ಸಮುದ್ರದ ಬಿಳಿ ಚಿಪ್ಪುಜೀವಿಯೊಂದು ಅಂಟಿಕೊಂಡಿತ್ತು. ನೋಡಲು ಥೇಟು ದವಡೆ ಹಲ್ಲು. "ಹಲ್ಲಿನ ಡಾಕ್ಟರ ಮಗ ಅಂತ ಗುರುತು ಹಾಕಿಸ್ಕೊಂಡೇ ಹುಟ್ಟಿದಾನೆ" ಎಂದು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಹತ್ತಿರಾಯ ಅವರ ಸಹಾಯಕ. ಜೇಬಿನ ತುಂಬ ಹತ್ತಿ ತುರುಕಿಕೊಂಡು ಓಡಾಡುವವನಿಗೆ ರೋಗಿಗಳೇ ಇಟ್ಟ ಹೆಸರು ಅದು. ಡಾಕ್ಟರು ಪರವೂರಿಗೆ ಹೋಗುವಾಗ ಅವನಿಗೆ ಒಂದೇ ಕೆಲಸ ವಹಿಸಿದ್ದರು: "ನನ್ನ ಮಗನ್ನ ಚೆನ್ನಾಗಿ ನೋಡ್ಕೋ." ಇವತ್ತು ಸಂಜೆ ಅವರು ವಾಪಸು. ಅವರ ನಿಜವಾದ ಮಗಳು, ನಕ್ಕರೆ ಹತ್ತಿರಾಯನ ಕೈಯಿಂದ ಇಕ್ಕಳ ಜಾರಿಬೀಳುವಂಥ ಮಗಳು, ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದಳು. "ನಾಳೆ ಅಪ್ಪ ಬರ್ತಾರೆ. ಪೈಲ್ವಾನನ ಮುಖ ನೋಡಿದ ತಕ್ಷಣ ಅವರಿಗೆ ಖುಷಿಯಾಗಿಬಿಡುತ್ತೆ. ಆಗಲೇ ನಮ್ಮ ಮದುವೆ ಮಾತು ಎತ್ತಿಬಿಡು. ಆಮೇಲೆ ಧೈರ್ಯ ಸಾಲ್ದು ಅಂತ ಗೋಳಾಡಬೇಡ."

ಈಗ ಆ ಮುಖವೇ ಇಲ್ಲ!

ಹತ್ತಿರಾಯ ಏಡಿಯನ್ನು ಮೇಲೆತ್ತಿದ. ಹತ್ತಿಯಷ್ಟೇ ಹಗುರ. ಅವನ ಬಾಯಿಂದ ಹೊರಟ ಗೋಳಿಗೆ ಪಕ್ಕದ ಅಂಗಡಿಯ ದರ್ಜಿ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬಂದ. ಅವನ ಹಿಂದೆ ಮಹಡಿಮನೆ ಅಜ್ಜಿ.

"ಸೊರಗಿ ಹೋಗಿದೆ ಪಾಪ," ದರ್ಜಿ ಅಂಗೈಯಲ್ಲಿಟ್ಟು ತೂಗಿ ನೋಡಿದ. "ಡಾಕ್ಟರನ್ನ ನೆನೆಸ್ಕೊಂಡು ಊಟ ಬಿಟ್ಟಿರಬೇಕು."

ಅಜ್ಜಿ ಕನ್ನಡಕ ಏರಿಸಿದಳು. "ಸೊರಗೋದೇನು ಬಂತು? ಬೆನ್ನ ಹಿಂದೆ ಬಿರಿದಿದೆ ನೋಡು, ಒಳಗೆ ಪೂರ್ತಿ ಖಾಲಿ! ಯಾರೋ ತಿಂದು ಮುಚ್ಚಳ ಮುಚ್ಚಿಟ್ಟಿದಾರೆ. ದರ್ಜಿ, ನಿನ್ನ ಬೆಕ್ಕೆಲ್ಲಿ?"

"ನನ್ನ ಬೆಕ್ಕಿಗೆ ಈಜು ಬರಲ್ಲ ಅಜ್ಜಿ!"

"ಕಲಿತಿರುತ್ತೆ. ನಿನಗೆ ಹೇಳಿ ಕಲೀಬೇಕಾ?"

ಇಬ್ಬರೂ ಬೆಕ್ಕಿನ ಶೀಲದ ಬಗ್ಗೆ ಕೈ ಕೈ ಮಿಲಾಯಿಸುವ ಮುಂಚೆ ಹತ್ತಿರಾಯ ನಡುವೆ ನಿಂತ. "ಜಗಳ ಆಮೇಲೆ ಆಡಿ. ಸಂಜೆ ಡಾಕ್ಟರು ಬಂದ್ರೆ ನಾನೇನು ಹೇಳ್ಲಿ?"

"ಏನೂ ಹೇಳಬೇಡ," ಎಂದ ದರ್ಜಿ. "ಇದೇ ಅಳತೆಯದ್ದು ಇನ್ನೊಂದು ತಂದು ಬಿಡು. ಏಡಿಗಳ ಮುಖ ಯಾರು ನೆನಪಿಟ್ಕೋತಾರೆ?" ಎಂದವನೇ ಟೇಪು ಬಿಚ್ಚಿ ಎದೆ, ಸೊಂಟ, ತೋಳು ಎಲ್ಲದರ ಅಳತೆ ತೆಗೆದ. ಏಡಿಗೆ ಸೊಂಟ ಎಲ್ಲಿ ಎಂದು ಹತ್ತಿರಾಯ ಕೇಳಲಿಲ್ಲ. ಆ ಹೊತ್ತಿಗೆ ಅವನಿಗೆ ತನ್ನ ಸೊಂಟವೇ ಎಲ್ಲಿದೆಯೆಂದು ತಿಳಿಯದಷ್ಟು ಗಾಬರಿ. ಅಜ್ಜಿ ಮೃತದೇಹವನ್ನು ಮಹಡಿಯ ಹೂಕುಂಡದಲ್ಲಿ ಮರ್ಯಾದೆಯಿಂದ ಮಣ್ಣು ಮಾಡುವ ಹೊಣೆ ಹೊತ್ತಳು.

ಮೀನು ಮಾರುಕಟ್ಟೆಯಲ್ಲಿ ಏಡಿ ಮಾರುವವಳು ಬುಟ್ಟಿ ಮುಂದಕ್ಕೆ ತಳ್ಳಿದಳು. ದರ್ಜಿ ಒಂದೊಂದಕ್ಕೂ ಟೇಪು ಹಿಡಿಯತೊಡಗಿದ.

"ಏಡಿ ತಗೋತೀರೋ, ಅದಕ್ಕೆ ಅಂಗಿ ಹೊಲಿಸ್ತೀರೋ?" ಎಂದಳು ಅವಳು.

"ಸುಂದರವಾಗಿರೋದು ಬೇಕಮ್ಮ, ಗಂಭೀರ ಸ್ವಭಾವದ್ದು," ಎಂದ ಹತ್ತಿರಾಯ.

"ನನ್ನ ಗಂಡನಲ್ಲೇ ಅಂಥ ಸ್ವಭಾವ ಸಿಕ್ಕಲಿಲ್ಲ, ಏಡಿಲಿ ಹುಡುಕ್ತೀಯಲ್ಲಪ್ಪ!"

ಕೊನೆಗೆ ದರ್ಜಿ ಆರಿಸಿದ ಏಡಿ ಅಳತೆಗಿಂತ ಒಂದು ಸುತ್ತು ದೊಡ್ಡದಿತ್ತು. "ಸ್ವಲ್ಪ ಸಡಿಲ ಇರ್ಲಿ, ಒಗೆದ್ರೆ ಕುಗ್ಗುತ್ತೆ," ಎಂದ ಅವನು, ರೂಢಿಯ ಬಲದಿಂದ.

ದವಾಖಾನೆಗೆ ಬಂದ ಮೇಲೆ ಹತ್ತಿರಾಯನಿಗೆ ನೆನಪಾಯಿತು: ಬೆನ್ನ ಮೇಲಿನ ಹಲ್ಲು! ಅದಿಲ್ಲದ ಪೈಲ್ವಾನ್ ಪೈಲ್ವಾನನೇ ಅಲ್ಲ. ಹೂಕುಂಡ ಅಗೆಯೋಣವೆಂದರೆ ಅಜ್ಜಿ, "ಸತ್ತವರನ್ನ ಎಬ್ಬಿಸಬಾರದು" ಎಂದು ಕುಂಡಕ್ಕೆ ಅಡ್ಡ ಕೂತುಬಿಟ್ಟಳು. ಬೇರೆ ದಾರಿ ಕಾಣದೆ ಹತ್ತಿರಾಯ ಹಲ್ಲು ತುಂಬುವ ಸಿಮೆಂಟನ್ನೇ ಕಲಸಿದ. ರೋಗಿಯ ಕುರ್ಚಿಯ ಮೇಲೆ ಏಡಿಯನ್ನು ಕೂರಿಸಿ, ದೊಡ್ಡ ದೀಪ ಬಗ್ಗಿಸಿ, "ನೋವಾಗಲ್ಲ, ಅಲ್ಲಾಡಬೇಡ" ಎಂದ. ಡಾಕ್ಟರು ದಿನವೂ ರೋಗಿಗಳಿಗೆ ಹೇಳುವ ಸುಳ್ಳು ಅದು. ರೋಗಿಗಳಂತೆ ಏಡಿಯೂ ನಂಬಲಿಲ್ಲ. ಅವನ ತೋರುಬೆರಳನ್ನು ಕೊಂಡಿಯಲ್ಲಿ ಹಿಡಿದು, ಸಿಮೆಂಟು ಗಟ್ಟಿಯಾಗುವವರೆಗೂ ಬಿಡಲಿಲ್ಲ. ಹತ್ತಿರಾಯನ ಕೂಗಿಗೆ ಹಲ್ಲು ಕೀಳಿಸಲು ಬಂದಿದ್ದ ಒಬ್ಬ ಬಾಗಿಲಿನಿಂದಲೇ ಹಿಂದಕ್ಕೆ ಓಡಿದ.

ಸಂಜೆ ಡಾಕ್ಟರು ಬಂದರು, ಜೊತೆಗೆ ಮಗಳು. ಪೆಟ್ಟಿಗೆ ಕೆಳಗಿಡುವ ಮೊದಲೇ ಡಾಕ್ಟರು ತೊಟ್ಟಿಗೆ ಮೂಗು ಒತ್ತಿದರು. ಹೊಸ ಏಡಿ ದೊಡ್ಡ ಕಲ್ಲಿನ ಮರೆಯಲ್ಲಿ ಬಗ್ಗಿ ನಿಂತಿತ್ತು.

"ಏನೋ ಪೈಲ್ವಾನ್, ಬೆಳೆದುಬಿಟ್ಟಿದೀಯಲ್ಲೋ!"

"ಚೆನ್ನಾಗಿ ತಿಂದ ಸಾರ್," ಎಂದ ಹತ್ತಿರಾಯ, ಬ್ಯಾಂಡೇಜಿನ ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟು. ಮಗಳು "ಈಗ ಕೇಳು" ಎಂದು ಹುಬ್ಬು ಹಾರಿಸಿದಳು. ಹತ್ತಿರಾಯ ಗಂಟಲು ಸರಿಮಾಡಿಕೊಂಡ. "ಸಾರ್, ಒಂದು ವಿಷಯ..."

"ಇರು." ಡಾಕ್ಟರ ದನಿ ಬದಲಾಯಿತು. "ಇದು ನನ್ನ ಸಿಮೆಂಟು. ಏಡಿಯ ಬೆನ್ನಿಗೆ ಹಲ್ಲು ತುಂಬಿದ್ದು ಯಾರು?"

ಅಜ್ಜಿಯ ಜೊತೆ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ದರ್ಜಿ ಮಾಯವಾದ. ಅಜ್ಜಿ ಮಾತ್ರ ನಿಂತಳು. ಅವಳಿಗೆ ಇಂಥ ತಮಾಷೆ ನೋಡದೆ ಬಿಟ್ಟು ಅಭ್ಯಾಸವಿಲ್ಲ. ಹತ್ತಿರಾಯ ಒಂದೇ ಉಸಿರಿಗೆ ಎಲ್ಲ ಒಪ್ಪಿಕೊಂಡ: ಬೆಳಿಗ್ಗೆ ಸಿಕ್ಕ ಹೆಣ, ಮಾರುಕಟ್ಟೆ, ಹೂಕುಂಡ. ಅವನ ಕಣ್ಣಂಚಿನಲ್ಲಿ ನೀರಿತ್ತು. ಪೈಲ್ವಾನನಿಗಾಗಿ ಸ್ವಲ್ಪ, ಮದುವೆಗಾಗಿ ಬಹಳ.

"ಒಳಗೆ ಖಾಲಿ ಇತ್ತಾ?" ಡಾಕ್ಟರು ಕೇಳಿದರು.

"ಪೂರ್ತಿ ಸಾರ್."

"ಅಯ್ಯೋ ಮಂಕೇ! ಅದು ಹೆಣ ಅಲ್ಲ, ಕವಚ! ಏಡಿ ಬೆಳೀಬೇಕಾದ್ರೆ ಹಳೇ ಚಿಪ್ಪನ್ನ ಹಾಗೇ ಕಳಚಿ ಹಿಂದಿನಿಂದ ಆಚೆ ಬರುತ್ತೆ. ಮೈ ಬೆಣ್ಣೆ ಥರ ಮೆತ್ತಗಿರುತ್ತೆ, ಹೊಸ ಚಿಪ್ಪು ಗಟ್ಟಿಯಾಗೋವರೆಗೂ ಕಲ್ಲಿನ ಸಂದೀಲಿ ಅಡಗಿರುತ್ತೆ. ನಿನಗೆ ಇದನ್ನ ಹೇಳಿ ಹೋಗೋದು ಮರೆತೆ... ಹಾಗಾದ್ರೆ ನನ್ನ ಪೈಲ್ವಾನ್ ಎಲ್ಲಿ? ಈ ರಾಕ್ಷಸ ತಿಂದುಬಿಟ್ನಾ?"

ಎಲ್ಲರೂ ತೊಟ್ಟಿಗೆ ಮುಗಿಬಿದ್ದರು. ಹೊಸ ಏಡಿಯ ಹೊಟ್ಟೆಯ ಕೆಳಗಿಂದ ಇನ್ನಷ್ಟು ಕಾಲುಗಳು ಇಣುಕಿದವು. ಅಲ್ಲಿ ಪೈಲ್ವಾನ್ ನಸುಗೆಂಪಗೆ, ನುಣ್ಣಗೆ, ಹಲ್ಲಿಲ್ಲದ ಬೋಳುಬೆನ್ನಿನೊಂದಿಗೆ ಜೀವಂತವಾಗಿದ್ದ. ದೊಡ್ಡ ಏಡಿ ಅವನನ್ನು ಕಾಲುಗಳ ನಡುವೆ ಜೋಪಾನವಾಗಿ ಅವಚಿಕೊಂಡು, ಹತ್ತಿರ ಬಂದ ಡಾಕ್ಟರ ಬೆರಳಿಗೆ ಕೊಂಡಿ ಎತ್ತಿ ಹೆದರಿಸಿತು.

ಡಾಕ್ಟರು ಬೆರಳು ಹಿಂದಕ್ಕೆಳೆದುಕೊಂಡು ಎರಡೂ ಏಡಿಗಳನ್ನು ದಿಟ್ಟಿಸಿದರು. ಆಮೇಲೆ ಮೆಲ್ಲಗೆ, "ಗಂಡೇಡಿ ಹೀಗೆ ಕಾಯೋದು ಆಗಷ್ಟೇ ಚಿಪ್ಪು ಕಳಚಿದ ಹೆಣ್ಣನ್ನ ಮಾತ್ರ. ಅವು ಕೂಡೋದೇ ಆ ಹೊತ್ತಲ್ಲಿ," ಎಂದರು. "ನನ್ನ ಪೈಲ್ವಾನ್... ಹುಡುಗಿ! ಕಚ್ಚುತ್ತೆ ಅಂತ ಒಂದು ದಿನಾನೂ ಮಗುಚಿ ನೋಡ್ಲಿಲ್ವಲ್ಲ ನಾನು!"

"ನೋಡಿದ್ರಾ, ಇಬ್ರ ಜೋಡಿ ಎಷ್ಟು ಚೆನ್ನಾಗಿದೆ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಡಾಕ್ಟರ ಮುಖ ಅರಳಿತು. ಅವರು ಹತ್ತಿರಾಯನ ಎರಡೂ ಕೈ ಹಿಡಿದುಕೊಂಡರು, ಬ್ಯಾಂಡೇಜಿನ ಬೆರಳಿನ ಸಮೇತ. "ಈ ಗಂಡನ್ನ ಹುಡುಕಿ ತಂದದ್ದು ನೀನೇ ಅಲ್ವಾ? ಅಲ್ಲಲ್ಲ, ನೀವೇ ಅಲ್ವಾ? ಬನ್ನಿ ಬೀಗರೇ, ಕೂತ್ಕೊಳ್ಳಿ!" ಎಂದು ತಮ್ಮ ಸ್ವಂತ ಕುರ್ಚಿಯಲ್ಲೇ ಕೂರಿಸಿದರು. ಇಷ್ಟು ದಿನ ಏಕವಚನದಲ್ಲಿ ಗದರಿಸಿದ ಬಾಯಿಂದ ಬಹುವಚನ ಕೇಳಿ ಹತ್ತಿರಾಯನ ಧೈರ್ಯ ಉಕ್ಕಿತು. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಬರುವುದಿಲ್ಲ.

"ಸಾರ್, ನಾನು ನಿಮ್ಮ ಹತ್ರ ಒಂದು ಕೇಳ್ಬೇಕು. ನಿಮ್ಮ ಮಗಳನ್ನ..."

"ಕೇಳೋದೇನು ಬಂತು ಬೀಗರೇ, ಕೊಟ್ಟಾಯ್ತಲ್ಲ!" ಡಾಕ್ಟರು ತೊಟ್ಟಿಯತ್ತ ಕೈ ತೋರಿಸಿ ಗಹಗಹಿಸಿದರು. ಆಮೇಲೆ ಮಗಳತ್ತ ತಿರುಗಿ ಗಂಭೀರವಾದರು. "ನೋಡಮ್ಮ, ಇನ್ಮೇಲೆ ಇವರು ನಮ್ಮ ಮನೆಯ ಹಿರಿಯರು. ನಿನ್ನ ತಂಗಿಯ ಮಾವನವರು. ಹೆಸರು ಹಿಡಿದು ಕರೀಬೇಡ, ಎದುರಿಗೆ ಹಲ್ಲು ಕಿರೀಬೇಡ. ಹೋಗು, ಕುಡಿಯೋಕೆ ಏನಾದ್ರೂ ತಂದ್ಕೊಡು."

ಅವಳು ಲೋಟ ಹಿಡಿದು ಬಂದಳು. ತುಟಿ ಕಚ್ಚಿಕೊಂಡಿದ್ದಳು, ಆದರೆ ಭುಜಗಳು ಕುಲುಕುತ್ತಿದ್ದವು.

"ತಗೊಳ್ಳಿ ದೊಡ್ಡವರೇ," ಎಂದಳು.