ಕಾಫಿಪುಡಿ ಕೊಂಡು ತಂದ ಬೆಳೆಗಾರ

ಕಾಫಿ ಬೆಳೆಯುವವನು ಅಂಗಡಿಯಿಂದ ಕಾಫಿಪುಡಿ ಕೊಂಡು ತರುವುದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದಷ್ಟೇ ಅಲ್ಲ, ಅವನಿಗೆ ಹೊತ್ತುಹೊತ್ತಿಗೆ ಅನ್ನ ಬಡಿಸಿದ್ದೇನೆ. ಅವನು ನನ್ನ ಮೈದುನ!

ವಸ್ತಾರೆಯ ಹತ್ತಿರ ನಮ್ಮ ತೋಟ. ತೊಂಬತ್ತರ ದಶಕದ ಮಾತು. ನಮ್ಮ ಕಡೆ ತೋಟದವರು ಮನೆಯಲ್ಲೇ ಬೀಜ ಹುರಿದು ಪುಡಿ ಮಾಡಿಕೊಳ್ಳುತ್ತಾರೆ. ಅಂಗಡಿ ಪುಡಿ ತರುವುದೆಂದರೆ ಮಾನ ಹೋದಂತೆ. ಇವನೋ, ವಾರವಾರ ಚಿಕ್ಕಮಗಳೂರಿಗೆ ಹೋಗಿ ಅರ್ಧ ಕೆಜಿ ಪುಡಿ ಹೊತ್ತು ತರುತ್ತಿದ್ದ. ಅತ್ತೆಯವರಿಗೆ ಪ್ರಾಣಸಂಕಟ. “ಯಾರಾದ್ರೂ ನೋಡಿದ್ರೆ ತೋಟ ಮಾರ್ಕೊಂಡ್ರು ಅಂತಾರಲ್ಲೇ!” ಎಂದು ಪೊಟ್ಟಣಗಳನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದರು.

ಗುಟ್ಟು ನನಗೊಬ್ಬಳಿಗೇ ಗೊತ್ತು. ಅಲ್ಲಿ ಪುಡಿ ಮಾಡಿಕೊಡುತ್ತಿದ್ದವಳು ಅಂಗಡಿಯವರ ಮಗಳು. ನಮ್ಮ ಜನವೇ, ಚೆಲುವೆ, ಮಾತುಗಾತಿ. ಅವಳ ಮುಂದೆ ಇವನ ಬಾಯಿಂದ ಹೊರಡುತ್ತಿದ್ದದ್ದು “ಅರ್ಧ ಕೆಜಿ” ಎಂಬುದಷ್ಟೇ.

“ಏನಾದ್ರೂ ಮಾತಾಡೋ ಮಾರಾಯ!” ಎಂದೆ ಒಂದು ದಿನ.

“ಎಂತ ಮಾತಾಡ್ಲಿ ಅತ್ಗೆ?”

“ಊಟ ಆಯ್ತಾ ಅಂತ ಕೇಳು.”

“ನಾನು ಹೋಗೋದು ಹನ್ನೊಂದು ಗಂಟೆಗೆ. ಊಟ ಆಗಿರಲ್ಲ. ಇಲ್ಲ ಅಂದ್ಬಿಟ್ರೆ ಮುಂದೆ ಎಂತ ಹೇಳೋದು?”

ಇಂಥವನಿಗೆ ನೀವಾದರೂ ಏನು ಹೇಳಿಕೊಡುತ್ತೀರಿ? ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಒಮ್ಮೆ ಅವಳೇ “ಮಳೆ ಬರೋ ಹಾಗಿದೆ” ಎಂದಳಂತೆ. ಮುಗಿಯಿತು! ಬೇಗ ಹೋಗಿ ಎಂದಳೋ, ನಿಂತು ಹೋಗಿ ಎಂದಳೋ? ಆ ವಾರವಿಡೀ ಮನುಷ್ಯ ಕಣದ ಈ ತುದಿಯಿಂದ ಆ ತುದಿಗೆ ಶತಪಥ ಹಾಕಿದ, ಒಣಗಲು ಹರಡಿದ್ದ ಕಾಫಿಯ ಮೇಲೆಯೇ! “ಇನ್ನು ಕಾಫಿ ತಿರುವೋಕೆ ಆಳು ಬೇಡ ಬಿಡಿ” ಎಂದರು ತೋಟದ ಲೆಕ್ಕ ಬರೆಯುವ ನಮ್ಮ ರೈಟರು.

ಅಷ್ಟರಲ್ಲಿ ಒಂದು ಮದುವೆಮನೆಯಲ್ಲಿ ಸುದ್ದಿ ಸಿಕ್ಕಿತು: ಭಾನುವಾರ ಅವಳನ್ನು ನೋಡಲು ಕಳಸದಿಂದ ಗಂಡಿನ ಕಡೆಯವರು ಬರುತ್ತಿದ್ದಾರೆ. ಮನೆಗೆ ಬಂದವಳೇ ಮೈದುನನಿಗೆ ಹೇಳಿದೆ. ಶುಕ್ರವಾರ ಅವನನ್ನು ಬಸ್ಸಿಗೆ ಹತ್ತಿಸಿ ನಾನೂ ಹತ್ತಿದೆ. ಬಸ್ಸು ನಿಂತಲ್ಲೆಲ್ಲ “ಮುಂದಿನ ವಾರ ಹೋದ್ರೆ ಆಗಲ್ವಾ?” ಎಂದು ಅವನು ಏಳುವುದು, ನಾನು ಅಂಗಿ ಹಿಡಿದು ಕೂರಿಸುವುದು. ಕಂಡಕ್ಟರು ಮರುಕದಿಂದ, “ಹಲ್ಲು ಕೀಳಿಸೋಕಾ ಅಮ್ಮ?” ಎಂದು ಕೇಳಿದ.

ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಪುಡಿ ಮಾಡುವ ಮಿಷನ್ನು ಗರಗರ ಎನ್ನುತ್ತಿತ್ತು. ಇವನು ಬೆವರು ಒರೆಸಿಕೊಂಡು, ಕಣ್ಣು ಮುಚ್ಚಿ, ಆ ಸದ್ದಿನಲ್ಲೇ ಏನೋ ಹೇಳಿಬಿಟ್ಟ. ಹಿಂದೆ ನಿಂತಿದ್ದ ನನಗೆ ಕೇಳಲಿಲ್ಲ.

ಅವಳು ಮಿಷನ್ನು ನಿಲ್ಲಿಸಿದಳು. “ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಅಯ್ಯೋ ದೇವರೇ! ಒಮ್ಮೆ ಹೇಳಲು ಇಷ್ಟು ಕಾಲ ಒದ್ದಾಡಿದವನಿಗೆ ಇನ್ನೊಮ್ಮೆಯೇ? ಓಡಿಯೇ ಹೋಗುತ್ತಾನೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವನು ಓಡಲಿಲ್ಲ. ಕಣ್ಣು ಬಿಟ್ಟು ಅವಳನ್ನೇ ನೋಡುತ್ತಾ, “ನಂಗೆ ಮಾತು ಬರಲ್ಲ. ಆದ್ರೆ ಭಾನುವಾರ ಬರೋರನ್ನ ನೀವು ಒಪ್ಕೊಂಡ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ನನ್ನ ಮದ್ವೆ ಆಗ್ತೀರಾ?” ಎಂದ.

“ಅಪ್ಪನ ಹತ್ರ ನಾನೇ ಮಾತಾಡ್ತೀನಿ,” ಎಂದಳು ಅವಳು. “ನಿಮಗೆ ಬಿಟ್ರೆ ಭಾನುವಾರ ಕಳ್ದೋಗುತ್ತೆ.”

ನಾನು ನಗಬೇಕಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡೆ.

ಈಗ ಅವಳು ನನ್ನ ವಾರಗಿತ್ತಿ. ಮೊನ್ನೆ ಇಬ್ಬರೂ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಮೆಲ್ಲಗೆ ಹೇಳಿದಳು: “ಅವತ್ತು ಮೊದಲನೇ ಸಲವೇ ಕೇಳಿಸಿತ್ತು ಅಕ್ಕ. ಅಷ್ಟು ಹೆದರ್ಕೊಂಡು, ಅಷ್ಟು ಆಸೆಯಿಂದ ಯಾರೂ ನಂಗೆ ಏನೂ ಹೇಳಿರ್ಲಿಲ್ಲ. ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು.”