ದೊಡ್ಡ ಮಾವನ ಹೆಸರಿಗೆ ಕಾಟು

ಬೇಸಿಗೆ ರಜೆ ಮುಗಿಯುವುದರೊಳಗೆ ವೆಬ್ ಪುಟ ಕಟ್ಟುವ ವಿದ್ಯೆಯನ್ನು ಸಮಸ್ತ ಕನ್ನಡಿಗರಿಗೆ ಕಲಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟಾಗ, ಆ ವಿದ್ಯೆ ನನಗೆ ಬಂದು ಹನ್ನೊಂದು ದಿನವಾಗಿತ್ತು. ಹನ್ನೊಂದು ದಿನವೆಂದರೆ ಕಡಿಮೆಯೇ? ಬೆಳಗಾವಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದ ಗೌರೀಶ ಮಾಸ್ತರ ನಾನು!

"ಪಾಡ್‌ಕಾಸ್ಟ್ ಶುರು ಮಾಡತೀನಿ," ಎಂದು ಹೆಂಡತಿ ದಾನೇಶ್ವರಿಯ ಮುಂದೆ ಘೋಷಿಸಿದೆ.

"ವೆಬ್ ಪುಟ ಕಣ್ಣಿಲೆ ನೋಡೂದ್ರಿ. ಕಿವಿಗೆ ಹೆಂಗ ಕಲಿಸ್ತೀರಿ?"

"ಮಾಸ್ತರ ಗಟ್ಟಿ ಇದ್ರ ಮೂಗಿಗೂ ಕಲಿಸಬಹುದು!"

ಅವಳು ಡಬ್ಬಿ ಕಟ್ಟಿಕೊಂಡು ತನ್ನ ಕಾಲೇಜಿನ ಲೈಬ್ರರಿ ಕೆಲಸಕ್ಕೆ ಹೋದಳು. ಪ್ರತಿಭೆಗೆ ಮನೆಯಲ್ಲಿ ಬೆಲೆ ಎಲ್ಲಿ?

ಶಿವಬಸವ ನಗರದ ನಮ್ಮ ಮನೆಯ ಮುಂದೆ ದಿನವಿಡೀ ಆಟೋಗಳ ಆರ್ಭಟ. ಹಾಗಾಗಿ ಎರಡು ಕುರ್ಚಿಗಳ ಮೇಲೆ ನಾಲ್ಕು ಕೌದಿ ಹೊದಿಸಿ ಒಂದು ಗುಡಾರ ಮಾಡಿದೆ. ಅದೇ ಸ್ಟುಡಿಯೋ! ಒಳಗೆ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಮೂರನೇ ಪಾಠದಲ್ಲಿ ಗುಡುಗಿದೆ: "ಕೇಳುಗರೇ, ಮಾತು ಶುರುವಾಗುವಲ್ಲಿ ಒಂದು ಟ್ಯಾಗ್ ತೆರೆಯಬೇಕು, ಮುಗಿಯುವಲ್ಲಿ ಅದನ್ನು ಮುಚ್ಚಬೇಕು. 'ಬಿ' ಎಂಬ ಟ್ಯಾಗಿನೊಳಗೆ ಅಕ್ಷರ ದಪ್ಪವಾಗುತ್ತದೆ. 'ಎಸ್' ಎಂಬುದರೊಳಗೆ ಅಕ್ಷರಕ್ಕೆ ಹೊಡೆದುಹಾಕಿದಂಥ ಅಡ್ಡ ಗೆರೆ ಬೀಳುತ್ತದೆ. ಮುಚ್ಚಲು ಮರೆತವನು ಕೆಟ್ಟ!"

ಕೇಳುಗರು ಮೂವರು. ನಾನು, ನನ್ನ ಇನ್ನೊಂದು ಫೋನು, ಖಾನಾಪುರದಲ್ಲಿರುವ ನಮ್ಮ ಅತ್ತೆ, ಅಂದರೆ ದಾನೇಶ್ವರಿಯ ತಾಯಿ, ಕಾಶವ್ವ.

ಅಷ್ಟರಲ್ಲಿ ಅತ್ತೆಯ ಭಾವ, ನಮ್ಮ ದೊಡ್ಡ ಮಾವ ದುಂಡಪ್ಪನವರಿಗೆ ಎಪ್ಪತ್ತೈದು ತುಂಬಿತು. ರವಿವಾರ ದೊಡ್ಡ ಸಮಾರಂಭ. "ಆಮಂತ್ರಣ ಪತ್ರಿಕಿ ಯಾಕ? ವೆಬ್ ಪುಟಾನ ಮಾಡಿ ಕೊಡ್ತೀನಿ!" ಎಂದು ನಾನು ಎದೆ ತಟ್ಟಿದೆ. ಮಾಡಿಯೂ ಬಿಟ್ಟೆ. ಮೇಲೆ ಸ್ಥಳ ಹಲಸಿ, ಅದರ ಕೆಳಗೆ ದೊಡ್ಡ ಮಾವನ ಹೆಸರು ಮತ್ತು ಫೋಟೋ, ಅದರ ಕೆಳಗೆ ಬೀಗರು ಬಿಜ್ಜರು ಸೇರಿ ನಲವತ್ತೊಂದು ಹೆಸರು. ಏನು ಅಂದ! ಏನು ಚಂದ!

ಗುರುವಾರ ಬೆಳಿಗ್ಗೆ ಸಮಾರಂಭ ಹಲಸಿಯಿಂದ ಖಾನಾಪುರದ ಮನೆಗೇ ಬದಲಾಯಿತು. ಸಾಮಾನ್ಯ ಮನುಷ್ಯನಾದರೆ 'ಹಲಸಿ'ಯನ್ನು ಅಳಿಸಿ 'ಖಾನಾಪುರ' ಬರೆಯುತ್ತಿದ್ದ. ನಾನು ಸಾಮಾನ್ಯನೇ? 'ಹಲಸಿ'ಯ ಹಿಂದೆ 'ಎಸ್' ಟ್ಯಾಗ್ ತೆರೆದು, ಅದರ ಮುಂದೆ 'ಖಾನಾಪುರ' ಎಂದು ಕುಟ್ಟಿ, ಒಮ್ಮೆಯೂ ತಿರುಗಿ ನೋಡದೆ ಕುಟುಂಬದ ಗುಂಪಿಗೆ ಕಳಿಸಿದೆ. ಫೋನ್ ಬಂದ್ ಮಾಡಿ, ಏಳನೇ ಪಾಠ ಧ್ವನಿಮುದ್ರಿಸಲು ಕೌದಿಯೊಳಗೆ ಹೊಕ್ಕೆ.

ಒಂದೂವರೆ ತಾಸಿನ ನಂತರ ಹೊರಬಂದು ಫೋನ್ ಚಾಲೂ ಮಾಡಿದರೆ ಮೂವತ್ತೇಳು ಮಿಸ್ಡ್ ಕಾಲ್! ಪಾಠ ಇಷ್ಟು ಬೇಗ ಪ್ರಸಿದ್ಧವಾಯಿತೇ ಎಂದು ಹಿಗ್ಗಿದೆ. ಆಗಲೇ ಕಾಶವ್ವನ ಮಗ, ನನ್ನ ಮೈದುನ ಸತ್ಯಪ್ಪನ ಕರೆ ಬಂತು.

"ಭಾವಾರ, ಅಡಗಿಯಾಂವಗ ಬ್ಯಾಡಂತ ಹೇಳಿಬಿಟ್ಟೆ. ಶಾಮಿಯಾನಾನೂ ಬ್ಯಾಡಂದೆ. ಖರೇ, ಕಾರ್ಯಕ್ರಮ ಯಾಕ ರದ್ದ ಮಾಡಿದ್ರಿ?"

"ಯಾರು ರದ್ದ ಮಾಡ್ಯಾರೋ?"

"ನೀವ! ಎಲ್ಲಾದಕ್ಕೂ ಗೆರಿ ಎಳದೀರಲ್ಲ!"

ಪುಟ ತೆರೆದೆ. ಶಿವನೇ! ಹಲಸಿಗೆ ಗೆರೆ. ಖಾನಾಪುರಕ್ಕೆ ಗೆರೆ. ರವಿವಾರಕ್ಕೆ ಗೆರೆ. 'ಆದರದ ಸ್ವಾಗತ'ಕ್ಕೆ ಗೆರೆ. ನಲವತ್ತೊಂದು ಬೀಗರ ಕುತ್ತಿಗೆಯ ಮೇಲೆ ಒಬ್ಬರನ್ನೂ ಬಿಡದೆ ಗೆರೆ! ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿದ್ದ ದುಂಡಪ್ಪನವರ ಹೆಸರಿಗೆ ಎಲ್ಲಕ್ಕಿಂತ ದಪ್ಪ ಗೆರೆ!

ಆ ನಲವತ್ತೊಂದರಲ್ಲಿ ಒಬ್ಬನಾದ ಹಿಂಡಲಗಾದ ಬೀರೇಶ ಆ ಫೋಟೋ ನೋಡಿ, ಆ ಗೆರೆ ನೋಡಿ, ತನಗೆ ತಿಳಿದಂತೆ ಅರ್ಥ ಮಾಡಿಕೊಂಡಿದ್ದ. ಅರ್ಧ ದಿನ ರಜೆ ಹಾಕಿ, ಹಾರ ಹಿಡಿದು, ನೇರ ಖಾನಾಪುರಕ್ಕೆ ಹೋಗಿ ಬಾಗಿಲು ಬಡಿದು, "ಮಣ್ಣು ಮಾಡೂದು ಎಷ್ಟೊತ್ತಿಗ್ರಿ?" ಎಂದು ಕೇಳಿದ್ದ. ಬಾಗಿಲು ತೆರೆದವರು ಸ್ವತಃ ದುಂಡಪ್ಪನವರು!

"ಹಾರ ತಂದೀ ಅಂದಮ್ಯಾಲೆ ಹಾಕು," ಎಂದರಂತೆ ಅವರು. ಹಾರ ಹಾಕಿಕೊಂಡೇ ನನಗೆ ಫೋನ್ ಮಾಡಿದರು.

"ಗೌರೀಶಪ್ಪ, ನಾ ಇನ್ನೂ ಅದೀನಿ. ನನ್ನ ಹೆಸರಿಗೆ ಕಾಟು ಹೊಡ್ಯಾಕ ನಿನಗ ಯಾರು ಹೇಳಿದ್ರು?"

"ಮಾವಾರ, ಅದು ಟ್ಯಾಗಿಂದು..."

"ಹೊಸಾ ಧೋತರ ತಂದ ಇಟ್ಟಿದ್ದೆ," ಎಂದರು. ಸಿಟ್ಟಿನ ದನಿ ಒಮ್ಮೆಲೇ ಇಳಿದಿತ್ತು. "ಇರಲಿ ಬಿಡು. ನಿಮಗೆಲ್ಲಾ ನಾ ಬ್ಯಾಡಾಗಿದ್ರ ರವಿವಾರನೂ ಬ್ಯಾಡ."

ಪುಟವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹತ್ತು ಸಲ ಓದಿದೆ. ಕಂಪ್ಯೂಟರನ್ನು ಬೈದೆ, ಇಂಟರ್ನೆಟ್ಟನ್ನು ಬೈದೆ. ಗೆರೆ ಜಗ್ಗಲಿಲ್ಲ. ಅಳು ಬರುವುದೊಂದು ಬಾಕಿ ಇದ್ದಾಗ ಅತ್ತೆಯ ಫೋನ್ ಬಂತು.

"ಅಳಿಯಂದ್ರ, ಹಲಸಿ ಹಿಂದ ಏನರ ತೆರದೀರೇನು?"

"ಹೌದ್ರಿ, ಎಸ್."

"ಮುಂದ ಮುಚ್ಚೀರೇನು?"

ನಾನು ಆ ಸಾಲಿನ ಮೇಲೆ ಬೆರಳಿಟ್ಟು ಹುಡುಕತೊಡಗಿದೆ.

"ಮೂರನೇ ಪಾಠದಾಗ ನೀವ ಹೇಳೀರಿ. ಹೋಗ್ರಿ, ಮುಚ್ಚಿ ಬರ್ರಿ," ಎಂದರು, ಮನೆಯ ಹಿತ್ತಲ ಬಾಗಿಲು ಹಾಕಲು ಹೇಳಿದಷ್ಟು ಸಲೀಸಾಗಿ.

'ಹಲಸಿ'ಯ ಮುಂದೆ ಮುಚ್ಚುವ ಟ್ಯಾಗ್ ಹಾಕಿದೆ. ನಲವತ್ತೊಂದು ಬೀಗರೂ ಏಕಕಾಲಕ್ಕೆ ಬಂಧಮುಕ್ತರಾದರು! ಅತ್ತೆ ಆ ಪುಟವನ್ನು ಭಾವನವರ ಕಣ್ಣ ಮುಂದೆ ಹಿಡಿದು, "ನೋಡ್ರಿ, ನಿಮ್ಮ ಹೆಸರು ಎಲ್ಲಾರಕಿಂತ ದೊಡ್ಡದೈತಿ," ಎಂದು ಒಲಿಸಿದರು. ಸತ್ಯಪ್ಪ ಅಡುಗೆಯವನ ಕೈಕಾಲು ಹಿಡಿದ.

ಸಂಜೆ ಎಲ್ಲ ಕೇಳಿದ ದಾನೇಶ್ವರಿ ಅಂದದ್ದು ಒಂದೇ ಮಾತು: "ತೆರದ ಬಾಯಿನ ಮುಚ್ಚೂದಿಲ್ಲ ನೀವು, ಟ್ಯಾಗ್ ಎಲ್ಲಿ ಮುಚ್ಚತೀರಿ?"

ರವಿವಾರ ಖಾನಾಪುರದಲ್ಲಿ ಜನವೋ ಜನ! ಹೊಸ ಧೋತರದಲ್ಲಿ ದೊಡ್ಡ ಮಾವ ಮೈಕಿನ ಮುಂದೆ ನಿಂತು, "ಕಾಶವ್ವ, ಅರವತ್ತೆಂಟರ ವಯಸ್ಸಿನಾಗ ನಿನಗ ಈ ವಿದ್ಯಾ ಯಾರು ಕಲಿಸಿದ್ರು?" ಎಂದು ಕೇಳಿದರು.

"ಅಳಿಯಂದ್ರ ಪಾಠ ಕೇಳತೀನ್ರಿ ಭಾವಾರ. ಒಂದೂ ಬಿಟ್ಟಿಲ್ಲ!"

ಆಹಾ! ಜನ್ಮ ಸಾರ್ಥಕವಾಯಿತು. ನಾನು ಎದ್ದು ನಿಂತು, ಎದೆಯುಬ್ಬಿಸಿ, ಮೂರು ದಿಕ್ಕಿಗೂ ಕೈ ಮುಗಿದೆ. ನಾಲ್ಕನೇ ದಿಕ್ಕಿಗೆ ತಿರುಗುವಷ್ಟರಲ್ಲಿ ಅತ್ತೆ ಮಾತು ಮುಂದುವರಿಸಿದರು.

"ಅವರು ಹೇಳಿದ್ದೆಲ್ಲಾ ವಹಿಯೊಳಗ ಬರಕೋತೀನಿ. ಸಂಜೀಕ ದಾನೇಶ್ವರಿ ಫೋನ್ ಮಾಡಿ, ಅದರಾಗ ಖರೇ ಯಾವ್ದು ಅಂತ ಹೇಳತಾಳ."

ಇಡೀ ಶಾಮಿಯಾನ ನಕ್ಕಿತು. ನಾನು ಹೆಂಡತಿಯ ಕಡೆ ನೋಡಿದೆ.

"ನಮ್ಮ ಲೈಬ್ರರಿ ವೆಬ್‌ಸೈಟ್ ಒಂಬತ್ತು ವರ್ಷದಿಂದ ಯಾರು ನೋಡ್ಕೋತಾರ ಅನ್ಕೊಂಡೀರಿ?" ಎಂದಳು ದಾನೇಶ್ವರಿ, ನನ್ನ ಅಂಗಿಯ ತುದಿ ಹಿಡಿದು ಜಗ್ಗುತ್ತ. "ಕುಂದರ್ರಿ, ಹಿಂದಿನವರಿಗೆ ಅವ್ವ ಕಾಣವಲ್ಲಳು!"