ಅವಸರದ ಅಂತಸ್ತು

ಮನೆಗೆ ಬೆಂಕಿ ಬಿದ್ದರೂ ನಮ್ಮ ಸೋದರಮಾವ ಅಗ್ನಿಶಾಮಕದವರಿಗೆ ಮೊದಲು ‘ರೆಸ್ಪೆಕ್ಟೆಡ್ ಸರ್’ ಎಂದೇ ಬರೆದಾನು! ಸಿರುಗುಪ್ಪದ ತಾಲ್ಲೂಕು ಕಚೇರಿ ಮುಂದಿನ ಬೇವಿನ ಮರದಡಿ ಕೂತು, ಮೂವತ್ತು ವರ್ಷ ಊರವರ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ಆತ. ಅವಸರಕ್ಕೂ ಒಂದು ಅಂತಸ್ತುಂಟು ಎಂಬುದು ಆತನ ಸಿದ್ಧಾಂತ. ಸಾಹೇಬರಿಗೆ ‘ಅಟ್ ದ ಅರ್ಲಿಯೆಸ್ಟ್’, ಸರೀಕರಿಗೆ ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’, ಬಂಧುಗಳಿಗೆ ‘ಅಟ್ ಯುವರ್ ಕನ್ವೀನಿಯನ್ಸ್’. ‘ಅರ್ಜೆಂಟ್’ ಮಾತ್ರ ಜೀವಕ್ಕೆ ಕುತ್ತು ಬಂದಾಗ. ಕಾಲಿಗೆ ಬಿದ್ದರೂ ಆ ಪದವನ್ನು ಸುಮ್ಮಸುಮ್ಮನೆ ಬರೆಯುತ್ತಿರಲಿಲ್ಲ.

ಒಮ್ಮೆ ಕುರುಗೋಡಿನ ಆತನ ಮನೆ ಮುಂದೆ ನೀರಿನ ಪೈಪು ಒಡೆಯಿತು. ನೀರು ನಡುಮನೆಗೇ ನುಗ್ಗಿತು. ಮಾವ ಮಂಚದ ಮೇಲೆ ಕಾಲು ಮಡಚಿ ಕೂತು ಪುರಸಭೆಗೆ ಪತ್ರ ಬರೆಯತೊಡಗಿದ! ಪಕ್ಕದ ಮನೆಯವರು ‘ಇಮ್ಮೀಡಿಯೆಟ್ಲಿ’ ಅಂತ ಹಾಕಿ ಎಂದರೆ, “ದೊಡ್ಡೋರಿಗೆ ಹಂಗ ಬರಿಯಾಕ ಬರಂಗಿಲ್ಲರಿ” ಎಂದ. ಪತ್ರ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಅತ್ತೆ ಆತನ ಇಸ್ತ್ರಿ ಮಾಡಿದ ಪಂಚೆಯನ್ನೇ ಪೈಪಿಗೆ ಬಿಗಿದು ಕಟ್ಟಿದ್ದಳು.

ಈ ಸಿದ್ಧಾಂತದ ಬಿಸಿ ನನಗೂ ತಾಗಿದೆ. ಅತ್ತೆಯ ಶೇಂಗಾ ಚಟ್ನಿಗೆ ಎಷ್ಟು ಬೆಳ್ಳುಳ್ಳಿ ಎಂದು ಕೇಳಲು ‘ಅರ್ಜೆಂಟ್, ಫೋನ್ ಮಾಡು’ ಎಂದು ಬಳ್ಳಾರಿಯಿಂದ ಮಾವನಿಗೆ ವಾಟ್ಸಪ್ ಮಾಡಿದ್ದೆ. ಯಾರು ಸತ್ತರು ಎಂದು ಉತ್ತರ ಬಂತು. ಬೆಳ್ಳುಳ್ಳಿಯ ಲೆಕ್ಕ ಕೊನೆಗೂ ಬರಲಿಲ್ಲ!

ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡಳು. ಮಕ್ಕಳಿಲ್ಲ. ಅಂದಿನಿಂದ ಪ್ರತಿ ಭಾನುವಾರ ಮಾವನಿಂದ ಒಂದೇ ಸಂದೇಶ: ‘ಕೈಂಡ್ಲಿ ವಿಸಿಟ್ ಅಟ್ ಯುವರ್ ಕನ್ವೀನಿಯನ್ಸ್.’ ನಾನು ಪ್ರತಿ ಸಲವೂ ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ. ಗಂಟೆಗೊಂದು ಬಸ್ಸಿರುವ ಊರಿಗೆ ಹೋಗಲು ನನಗೆ ಅನುಕೂಲವೇ ಆಗಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಬಂತು: ‘ಅರ್ಜೆಂಟ್. ಕಮ್.’

ಫೋನ್ ಮಾಡಿದರೆ ಎತ್ತಲಿಲ್ಲ. ಆಫೀಸಿಗೆ ರಜೆ ಹಾಕಿ, ಸಿಕ್ಕ ಬಸ್ಸು ಹತ್ತಿ, ದಾರಿಯುದ್ದಕ್ಕೂ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತು ಕುರುಗೋಡು ತಲುಪಿದೆ. ಮಾವ ತಲೆ ಬಾಚಿಕೊಂಡು, ತೊಳೆದ ಅಂಗಿ ತೊಟ್ಟು, ಕಟ್ಟೆಯ ಮೇಲೆ ಗುಂಡುಕಲ್ಲಿನಂತೆ ಕೂತಿದ್ದ!

ನನಗೆ ಸಿಟ್ಟು ನೆತ್ತಿಗೇರಿತು. ಜೀವ ಹೋಗೋದೊಂದು ಬಾಕಿ ಇತ್ತು, ಫೋನಾದರೂ ಎತ್ತಬಾರದಾ ಎಂದು ಕೂಗಾಡಿದೆ. ಆತ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಎರಡು ಸಲ ಗಂಟಲು ಸರಿಮಾಡಿಕೊಂಡ.

“ಎಂಟು ದಿನ ಆತವ್ವ, ಯಾರ ಕೂಡಾನೂ ಒಂದು ಮಾತಾಡಿಲ್ಲ. ನನ್ನ ಧ್ವನಿ ಇನ್ನಾ ಐತೋ ಇಲ್ಲೋ ಅಂತ ಅಂಜಿಕಿ ಬಂತು.”

ನಾನು ಚಪ್ಪಲಿ ಬಿಟ್ಟು ಆತನ ಪಕ್ಕ ಕೂತೆ. “ಐತಿ ಮಾಮ. ಮಾತಾಡು, ಕೇಳ್ತೀನಿ,” ಎಂದೆ.